ಪಾಳೇಗಾರನ ದವಡೆ ಹಲ್ಲು

“ಗುರುಗಳೇ, ಎಷ್ಟು ಮುಕ್ಕಳಿಸಿದರೂ ಬಾಯಿಯ ನಾತ ಹೋಗದಿದ್ದರೆ ಅದಕ್ಕೆ ಮದ್ದೇನು?” ಎಂದು ಶಿಷ್ಯ ಮರಿದೇವ ಬಾಯಿಗೆ ಕೈ ಅಡ್ಡ ಹಿಡಿದು ದೂರದಿಂದಲೇ ಕೇಳಿದ.

ಗುರುಗಳು ಹುಬ್ಬು ಹಾರಿಸಿ ಕತೆ ಹೇಳತೊಡಗಿದರು.

ಒಬ್ಬ ಪಾಳೇಗಾರನಿದ್ದ. ಅವನು ಬಾಯಿ ತೆರೆದರೆ ಮೂರು ಮಾರು ದೂರದ ಕುದುರೆ ಮುಖ ತಿರುಗಿಸುತ್ತಿತ್ತು. ಸುಳ್ಳಲ್ಲ, ನಾನು ಆ ಕುದುರೆಯನ್ನೇ ಕೇಳಿದ್ದೇನೆ. ದೊರೆಯ ಮುಂದೆ ಮಾತಾಡುವವರು ಬಾಯಿಗೆ ಕೈ ಅಡ್ಡ ಹಿಡಿಯುವುದು ಆ ನಾಡಿನ ಪದ್ಧತಿ. ಇವನ ಮುಂದೆ ಆ ಕೈ ಮೂಗಿನವರೆಗೂ ಏರುತ್ತಿತ್ತು. ‘ನಮ್ಮಪ್ಪನಿಗೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ’ ಎಂದು ಅವನು ಹಿಗ್ಗುತ್ತಿದ್ದ.

ಅವನಿಗೆ ಮೊಮ್ಮಗ ಹುಟ್ಟಿದ. ಆ ಮನೆತನದಲ್ಲಿ ಹೆಸರನ್ನು ಅಜ್ಜನೇ ಕೂಸಿನ ಕಿವಿಯಲ್ಲಿ ಹೇಳಬೇಕು, ಬೇರೆಯವರು ಹೇಳುವಂತಿಲ್ಲ. ಪಾಳೇಗಾರ ಬಗ್ಗಿದ. ಕೂಸಿಗೆ ಮರ್ಯಾದೆ ಗೊತ್ತಿಲ್ಲ ನೋಡು, ಉಸಿರು ಕಟ್ಟಿ ಕಿರುಚಿತು. ಹೀಗೆ ಮೂರು ಮುಹೂರ್ತ ಮುರಿದವು. ಜೋಯಿಸರು ಮೂಗು ಮುಚ್ಚಿಕೊಂಡೇ ಗ್ರಹಚಾರ ಎಂದರು. ಹೆಸರಿಲ್ಲದ ಮೊಮ್ಮಗನನ್ನು ದೂರದಿಂದ ನೋಡುತ್ತಾ ಪಾಳೇಗಾರ ಅನ್ನ ಬಿಟ್ಟ.

ಆಗ ಮುದಿ ಸೂಲಗಿತ್ತಿ ಮುಂದೆ ಬಂದಳು. ಬಾಯಿಗೆ ಕೈ ಹಿಡಿಯಲಿಲ್ಲ. ನೆಟ್ಟಗೆ ಹತ್ತಿರ ಹೋಗಿ ಅವನ ಗದ್ದ ಹಿಡಿದಳು. ಸಭೆಯಲ್ಲಿದ್ದವರ ಕೈಗಳು ಮೂಗಿನಿಂದ ಜಾರಿದವು.

“ಬಾಯಿ ತೆಗೀರಿ ಬುದ್ಧಿ. ಹ್ಞೂಂ! ಗ್ರಹ ನಿಮ್ಮ ದವಡೇಲೇ ಕೂತದೆ. ಹುಳುಕು ಹಲ್ಲಲ್ಲಿ ಎಂದಿನದೋ ಮಾಂಸದ ನಾರು ಸಿಕ್ಕಿ ಕೊಳೀತಾ ಅದೆ. ನಾಲಿಗೆ ಮೇಲೆ ಬೆಳ್ಳಗೆ ದಪ್ಪ ಪದರ. ಉಂಡ ಮೇಲೆ ಲವಂಗ ಜಗಿದ್ರೆ ಈ ನಾತ ಹೋಯ್ತದಾ?”

“ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ!”

“ನಿಮಗೆ ಹೇಳಿ ತಲೆ ಉಳಿಸಿಕೊಂಡೋರು ಯಾರವ್ರೆ ಬುದ್ಧಿ?”

ಪಾಳೇಗಾರನ ಕೈ ಕತ್ತಿಯ ಹಿಡಿಗೆ ಹೋಯಿತು. ಮುದುಕಿ ಕದಲಲಿಲ್ಲ, ಗದ್ದವನ್ನೂ ಬಿಡಲಿಲ್ಲ. ಎಷ್ಟೋ ವರ್ಷಗಳಿಂದ ಯಾರ ಮುಖವನ್ನೂ ಅವನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಗರ್ಭಗುಡಿಯ ಮುಂದೆ ನಿಂತವನಂತೆ ಕಣ್ಣು ಮುಚ್ಚಿದ. ಕತ್ತಿ ಬಿಟ್ಟ. ಮತ್ತೆ ಬಾಯಿ ತೆರೆದ.

ಹಲ್ಲು ಕಿತ್ತರು. ಅವನು ದಿನವೂ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದ, ನಾಲಿಗೆ ಹೆರೆದ, ಉಂಡಾಗಲೆಲ್ಲ ಉಪ್ಪುನೀರು ಮುಕ್ಕಳಿಸಿದ. ಗಾಯ ಮಾಯುವ ಹೊತ್ತಿಗೆ ನಾತವೂ ಹೋಗಿತ್ತು. ನಾಲ್ಕನೆಯ ಮುಹೂರ್ತದಲ್ಲಿ ಬಗ್ಗಿ ಹೆಸರು ಹೇಳಿದ. ಕೂಸು ಅಳಲಿಲ್ಲ. ಅವನ ಮೀಸೆ ಹಿಡಿದುಕೊಂಡು ಅವನನ್ನೇ ನೋಡಿತು. ನಾಡನ್ನೆಲ್ಲ ನಡುಗಿಸಿದವನು ಆ ಎಳೆಯ ಬೆರಳುಗಳು ಎಲ್ಲಿ ಬಿಟ್ಟಾವೋ ಎಂದು ಹೆದರಿ, ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ.

ಮರಿದೇವ ಬೆರಗಾಗಿ, “ಆ ಮುದುಕಿಯದು ಎಂಥ ಧೈರ್ಯ ಗುರುಗಳೇ!” ಎಂದ.

ಗುರುಗಳು ಪೀಠದಿಂದ ಇಳಿದು, ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಹೇಳಿದರು: “ಇನ್ನು ನನ್ನ ಬಾಯಿ ನೋಡಿ ಹೇಳಪ್ಪ.”