ಕರವಸ್ತ್ರಕ್ಕೆ ಹತ್ತಿದ ಕೆಂಪು

"ಗುರುಗಳೇ, ನಿಯಮ ಮೀರದೆ ನಡೆದವನಿಗೂ ಪಾಪ ಅಂಟುತ್ತದೆಯೇ?"

ಕೇಳಿದ ಶಿಷ್ಯ ಸರ್ಕಾರಿ ಅಧಿಕಾರಿ. ಶಾಲೆಗಳ ಮಧ್ಯಾಹ್ನದ ಊಟಕ್ಕೆ ದವಸ ಕೊಳ್ಳುವುದು ಅವನ ಕೆಲಸ. ಮಠದ ಅಡುಗೆಗೆಂದು ಒಂದು ಚೀಲ ತೊಗರಿಬೇಳೆ ಹೊತ್ತು ತಂದು ಗುರುಗಳ ಮುಂದೆ ಇಳಿಸಿದ್ದ. ಕೆಲವು ದಿನಗಳಿಂದ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. "ಇಲ್ಲಪ್ಪ, ಅಂಟುವುದಿಲ್ಲ" ಎಂಬ ಒಂದು ಮಾತು ಕೇಳಿಕೊಂಡು ಹೋಗಲು ಬಂದಿದ್ದ.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತ ಹೆಂಗಸು ಇದ್ದಳು. ಮಕ್ಕಳ ಊಟದ ಬೇಳೆಯನ್ನು ಆಯಾ ಊರಿನಲ್ಲೇ ಕೊಳ್ಳಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು. ಹೆಂಗಸು ಆ ಮಾತನ್ನು ನಂಬಿದಳು. ರಾಗಿ ಬಿತ್ತುವ ಹೊಲಕ್ಕೂ ತೊಗರಿ ಹಾಕಿದಳು. ಬೆಳೆ ಚೆನ್ನಾಗಿ ಬಂತು. ಆ ಸೀಮೆಯವರು ಮಾಡುವಂತೆ ಕಾಳು ನೆನೆಸಿ, ಕೆಮ್ಮಣ್ಣು ಕಲಸಿ, ಬಿಸಿಲಿಗೆ ಒಣಗಿಸಿ, ಮಣ್ಣನ್ನು ಜರಡಿ ಹಿಡಿದು, ಬೀಸುಕಲ್ಲಿನಲ್ಲಿ ಒಡೆದಳು. ಹಾಗೆ ಮಾಡಿದ ಬೇಳೆಗೆ ಹುಳ ಬೀಳುವುದಿಲ್ಲ. ನಾಲ್ಕು ಕುದಿ ಬಂದರೆ ಕರಗುತ್ತದೆ.

ಅಧಿಕಾರಿಯೊಬ್ಬ ಪರೀಕ್ಷೆಗೆ ಬಂದ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಒಂದು ಹಿಡಿ ಬೇಳೆಯನ್ನು ಅದರಲ್ಲಿ ಉಜ್ಜಿದ. ಬಟ್ಟೆ ಕೆಂಪಾಯಿತು.

"ಮಣ್ಣಿದೆಯಲ್ಲಮ್ಮ. ಮಣ್ಣಿರೋ ದವಸ ತಗೊಳ್ಳೋ ಹಾಗಿಲ್ಲ. ನಿಯಮ."

"ಅದು ಮಣ್ಣು ಕಟ್ಟಿರೋದು ಸ್ವಾಮಿ, ಹೊಲಸಲ್ಲ. ತೊಳೆದ್ರೆ ಹೋಗ್ತದೆ. ನಿಮ್ಮವ್ವ ಮಾಡ್ತಿರ್ಲಿಲ್ವಾ?"

"ನಮ್ಮವ್ವನ ವಿಚಾರ ನಿಯಮದಲ್ಲಿ ಬರೆದಿಲ್ಲ."

ಕೇಳುತ್ತಿದ್ದ ಶಿಷ್ಯನ ಕೈ ತನಗೆ ಅರಿವಿಲ್ಲದೆ ಜೇಬಿನ ಮೇಲೆ ಹೋಯಿತು. ಗುರುಗಳು ಊರೂರು ಭಿಕ್ಷೆಗೆ ಹೋಗುವವರು. ಯಾರ ಜಗುಲಿಯಲ್ಲಿ ಕೂತು ಏನು ಕೇಳಿ ಬಂದಿದ್ದರೋ.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿಯೂ ಇದ್ದ, ಎಂದರು ಗುರುಗಳು. ಅವನ ಅಂಗಡಿ ಊರಿನದು, ಬೇಳೆ ಹಡಗಿನಲ್ಲಿ ಬಂದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಬೇಳೆಗೆ ಬಣ್ಣ ಹಾಕಿ, ಎಣ್ಣೆ ಸವರಿ ಮಿಂಚಿಸಿದ್ದ. ಅಧಿಕಾರಿ ಅದನ್ನೂ ಉಜ್ಜಿದ. ಬಟ್ಟೆ ಹಳದಿಯಾಯಿತು.

"ಏನಯ್ಯಾ ಇದು, ಬಣ್ಣ ಬಿಡ್ತಿದೆ?"

"ಬೇಳೆ ಬಣ್ಣ ಹಳದೀನೇ ಅಲ್ವಾ ಸಾರ್? ಹಸಿರು ಬಿಟ್ರೆ ಹೇಳಿ, ವಾಪಸ್ ತಗೋತೀನಿ."

ಅಧಿಕಾರಿ ನಕ್ಕ. ಅವನ ನಿಯಮದ ಹಾಳೆಯಲ್ಲಿ ಮಣ್ಣಿನ ಮಾತಿತ್ತು, ಬಣ್ಣದ ಮಾತಿರಲಿಲ್ಲ. ಸಹಿ ಹಾಕಿದ.

ಶಾಲೆಯಲ್ಲಿ ಆ ಬೇಳೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕುದಿಯಿತು. "ಇದು ಬೇಯೋ ಹೊತ್ತಿಗೆ ನಾನೇ ಬೆಂದುಹೋಗ್ತೀನಿ" ಎಂದಳು ಅಡುಗೆಯವಳು. ಮಕ್ಕಳು ಹಳದಿ ನೀರನ್ನು ಅನ್ನಕ್ಕೆ ಕಲಸಿಕೊಂಡು, ಗಟ್ಟಿ ಬೇಳೆಯನ್ನು ತಟ್ಟೆಯ ಅಂಚಿಗೆ ಸರಿಸಿದರು. ಸರಿಸಲು ತಿಳಿಯದ ಚಿಕ್ಕವರು ನುಂಗಿ, ಹೊಟ್ಟೆ ಹಿಡಿದುಕೊಂಡು ಕೂತರು. ಶಾಲೆಯ ಗೋಡೆಯ ಆಚೆಗೇ ಆ ಹೆಂಗಸಿನ ಮನೆ. ಅಲ್ಲಿ ಒಳ್ಳೆಯ ಬೇಳೆ ಮೂಟೆ ಮೂಟೆಯಾಗಿ ಬಿದ್ದಿತ್ತು. ಮಕ್ಕಳು ಅಳುವುದು ಅವಳಿಗೆ ಕೇಳಿಸುತ್ತಿತ್ತು.

ವಾರ ಕಳೆಯಿತು. ಅಧಿಕಾರಿ ಅವಳ ಬಾಗಿಲಿಗೆ ಬಂದ.

"ಮನೇಲಿ ಕೆಮ್ಮಣ್ಣಿನ ಬೇಳೆನೇ ಆಗಬೇಕು ಅಂತಾರೆ. ದೇವರ ಎಡೆಗೂ ಬೇಕು. ಎರಡು ಚೀಲ ಅಳೀರಮ್ಮ."

ಹೆಂಗಸು ತಲೆ ಎತ್ತದೆ ಅಳೆದಳು. ಅಳೆದ ಮೇಲೆ ವಾಡಿಕೆಯಂತೆ ಕೊಸರು ಹಾಕಿದಳು. ಒಂದು ಹಿಡಿಯಲ್ಲ, ಎರಡು ಬೊಗಸೆ.

"ಇಷ್ಟೊಂದು ಯಾಕಮ್ಮ?"

"ಇರ್ಲಿ ಸ್ವಾಮಿ. ನಿಮ್ಮನೇಲೂ ಮಕ್ಕಳಿರ್ತವಲ್ಲ."

ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಒಮ್ಮೆಯೂ ಏರಿರಲಿಲ್ಲ. ಆದರೆ ಶಿಷ್ಯನ ಮುಖದ ಮೇಲೆ ನೆಟ್ಟ ಕಣ್ಣನ್ನು ಕದಲಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಶಿಷ್ಯ ಅವರ ಕೋಪ ಕಂಡಿರಲಿಲ್ಲ. ಈಗ ಕಂಡ.

"ಆದರೆ ಗುರುಗಳೇ, ನಿಯಮ..." ಎಂದು ಶಿಷ್ಯ ಶುರುಮಾಡಿದ.

ಗುರುಗಳು ಅವನು ತಂದಿದ್ದ ಚೀಲವನ್ನು ಹತ್ತಿರಕ್ಕೆ ಎಳೆದು ಬಾಯಿ ಬಿಚ್ಚಿದರು. ಅವರ ಬೆರಳು ಕೆಂಪಾಯಿತು.

"ಮಠಕ್ಕೆ ತರುವ ಮೊದಲು ಇದನ್ನೂ ಕರವಸ್ತ್ರದಲ್ಲಿ ಉಜ್ಜಿ ನೋಡಿದೆಯೇನಪ್ಪಾ?"