ಹೆಸರು ಕೇಳುವ ಲಂಗರು

ಸುಮ್ನೆ ಮಲಗು ಕೂಸೇ, ಕಾಲು ಒದೀಬೇಡ, ಹೇಳ್ತೇನೆ. ಇರು, ಒಂದ್ಸಲ ಕರೀತೇನೆ. ಹ್ವಾಯ್, ಊಟಕ್ಕೆ ಬನ್ನಿ! ಕೇಳ್ತಾ ಅವರಿಗೆ? ಚಾವಡಿಯಲ್ಲಿ ಕೂತು ಬಲೆ ಹೆಣೀತಾ ಇದ್ರೆ ನಿನ್ನ ಅಜ್ಜನಿಗೆ ಲೋಕವೇ ಬೇಡ. ಗಂಜಿ ತಣ್ಣಗಾಯ್ತು.

ಒಂದಾನೊಂದು ಕಾಲದಲ್ಲಿ, ಗಂಡಸರಿಗೆ ಕರೆದದ್ದು ಕೇಳ್ತಿದ್ದ ಕಾಲ ಅಂತ ಇಟ್ಕೋ, ಕಡಲ ದಂಡೆಯಲ್ಲಿ ಮುತ್ತಕ್ಕ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ತಾಂಡೇಲ, ಅಂದ್ರೆ ಹಡಗು ನಡೆಸೋನು. ಹೆಸರೇನು ಅಂತ ಈಗ ಕೇಳ್ಬೇಡ. ಒಂದಿನ ಅವನ ಹಡಗು ಬಂಡೆಗೆ ಬಡಿದು ಒಡೆದು, ಉಳಿದವರನ್ನೆಲ್ಲ ಬೇರೆ ಹಡಗಿನವರು ಎತ್ತಿಕೊಂಡ್ರಂತೆ, ಇವನೊಬ್ಬ ಬಂಡೆ ಮೇಲೇ ಸಿಕ್ಕಿಬಿದ್ದನಂತೆ. ಸುತ್ತ ಸುಳಿ, ಯಾರಿಗೂ ಹತ್ತಿರ ಹೋಗ್ಲಿಕ್ಕಾಗ್ಲಿಲ್ಲ. ಅವನ ಕೊಡದಲ್ಲಿ ಮೂರು ದಿನಕ್ಕಾಗುವಷ್ಟೇ ನೀರಿದೆ ಅಂತ ಮುತ್ತಕ್ಕನಿಗೆ ಬಂದು ಹೇಳಿದ್ರಂತೆ.

ಆಮೇಲೆ ಅವಳು ಅಳ್ತಾ ದಂಡೆಗೆ ಹೋದ್ರೆ, ಹರಿದ ಬಲೆಯಲ್ಲಿ ಒಂದು ಮುದಿ ಕಡಲಾಮೆ ಸಿಕ್ಕೊಂಡಿತ್ತಂತೆ. ಬಿಡಿಸಿದಳಂತೆ. ಆಮೇಲೆ ಆಮೆ ಮುಳುಗಿ ಒಂದು ಹಾಯಿ, ಒಂದು ಚುಕ್ಕಾಣಿ, ಒಂದು ಲಂಗರು ತಂದುಕೊಟ್ಟು, ಇವುಗಳಲ್ಲಿ ಒಂದನ್ನು ನಿನ್ನ ದೋಣಿಗೆ ಕಟ್ಟು, ಯಾರ ಹತ್ತಿರ ಹೋಗ್ಬೇಕೋ ಅವರ ಹೆಸರು ನೀನೇ ಬಾಯಿಬಿಟ್ಟು ಹೇಳು, ಗಾಳಿ ಇಲ್ಲದಿದ್ರೂ ಹೋಗ್ತದೆ, ಆದ್ರೆ ಒಂದೊಂದು ಒಂದೇ ಸಲಕ್ಕೆ ಬರ್ತದೆ ಅಂದಿತಂತೆ.

ಅಷ್ಟೇ ಕೆಲಸ! ಒಂದು ಹೆಸರು! ಆದ್ರೆ ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಮ್ಮಿಯಾಗ್ತದೆ ಅಂತ ಅತ್ತೆ ಮದುವೆ ದಿನವೇ ಹೇಳಿದ್ದಳಂತೆ. ಹಾಗಾಗಿ ಈ ಪುಣ್ಯಾತ್ಗಿತ್ತಿ ಹಾಯಿ ಕಟ್ಟಿ, ತಾಂಡೇಲರ ಹತ್ತಿರ ಕರ್ಕೊಂಡು ಹೋಗು ಅಂದಳಂತೆ. ಹಾಯಿ ಉಬ್ಬಿ, ಆಚೆ ಬಂದರಿನಲ್ಲಿ ಮೀನ್ಸಾರು ಉಣ್ತಾ ಕೂತಿದ್ದ ಯಾರೋ ತಾಂಡೇಲನ ಎದುರು ತಂದು ನಿಲ್ಲಿಸ್ತಂತೆ. ಅವನಿಗೆ ಗಾಬರಿ, ಇವಳಿಗೆ ನಾಚಿಕೆ. ಹಾಯಿ ಹಾರಿ ಕಡಲು ಸೇರ್ತು, ಇವಳು ಹುಟ್ಟು ಹಾಕ್ಕೊಂಡು ಮನೆಗೆ ಬರುವಾಗ ಒಂದು ದಿನ ಹೋಯ್ತು.

ಎರಡನೇ ದಿನ ಚುಕ್ಕಾಣಿ. ಈಗಲಾದ್ರೂ ಹೇಳಿದಳಾ? ಇಲ್ಲ! ನಮ್ಮತ್ತೆ ಮಗನ ಹತ್ತಿರ ಹೋಗು ಅಂದಳಂತೆ. ಅತ್ತೆಗೆ ಗಂಡುಮಕ್ಕಳು ಇಬ್ಬರು ಕೂಸೇ! ದೋಣಿ ಗಿರಕಿ ಹೊಡೆದು, ಹೊಳೆ ಹತ್ತಿ, ಭಾವನ ಮನೆ ಹಿತ್ತಲಿಗೆ ಹೋಗಿ ನಿಂತಿತಂತೆ. ಭಾವ ಸೊಂಟಕ್ಕೆ ಬರೀ ಬೈರಾಸು ಸುತ್ಕೊಂಡು ಹಲ್ಲುಜ್ಜುತಾ ಇದ್ದನಂತೆ. ನಗ್ಬೇಡ, ಅಲ್ಲಿ ಬಂಡೆ ಮೇಲೆ ನೀರು ಕೊಡದ ತಳಕ್ಕೆ ಬಂದಿತ್ತು. ಚುಕ್ಕಾಣಿಯೂ ಹೋಯ್ತು.

ಹ್ವಾಯ್, ಎಷ್ಟು ಸಲ ಕರೀಬೇಕು ನಿಮ್ಮನ್ನು! ನೋಡು, ಹೂಂ ಅಂತಲೂ ಇಲ್ಲ. ಸಾಕಾಗಿಹೋಯ್ತು ನನಗೆ.

ಆಮೇಲೆ ಮೂರನೇ ದಿನ ಲಂಗರೊಂದೇ ಉಳಿದದ್ದು. ಮುತ್ತಕ್ಕ ಅದನ್ನು ತೊಡೆ ಮೇಲೆ ಇಟ್ಕೊಂಡು ಬಿಕ್ಕಿ ಬಿಕ್ಕಿ ಅತ್ತಳಂತೆ. ಹೇಳಿದ್ರೆ ಆಯಸ್ಸು ಕಮ್ಮಿ, ಹೇಳದಿದ್ರೆ ಇವತ್ತು ಸಂಜೆಗೇ ಮುಗೀತಲ್ಲ, ಇನ್ನೆಲ್ಲಿಂದ ಕಮ್ಮಿ ಆಗೋದು ಅನ್ನಿಸ್ತಂತೆ ಅವಳಿಗೆ. ಆಮೇಲೆ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಊರಿಗೆ ಕೇಳುವ ಹಾಗೆ ಕೂಗಿದಳಂತೆ, ಬಚ್ಚಯ್ಯಾ! ಓ ಬಚ್ಚಯ್ಯಾ!

ಲಂಗರು ಚಿಮ್ಮಿ ಕಡಲಿಗೆ ಬಿತ್ತು, ಹಗ್ಗ ಬಿಗೀತು, ಸುಳಿ ದಾಟಿಸಿ ದೋಣಿಯನ್ನು ಬಂಡೆಗೇ ಎಳೀತಂತೆ. ಅವನು ಕೊಡ ಬೋರಲು ಹಾಕಿ ಕೂತಿದ್ದವನು...

ಅಯ್ಯೋ! ಎದ್ದು ಬಂದೇ ಬಿಟ್ರಾ? ನಿಮ್ಮನ್ನು ಕರೆದದ್ದಲ್ಲ ಮಾರಾಯ್ರೇ, ಕತೆಯಲ್ಲಿ ಅವನ ಹೆಂಡತಿ ಕರೆದದ್ದು. ನಿಮ್ಮ ಹೆಸರೇ ಅವನಿಗೂ. ಐವತ್ತು ವರ್ಷ ಹ್ವಾಯ್ ಹ್ವಾಯ್ ಅಂತ ಗಂಟಲು ಹರ್ಕೊಂಡೆ, ಒಂದು ದಿನ ತಿರುಗಿ ನೋಡ್ಲಿಲ್ಲ, ಇವತ್ತು ಒಂದೇ ಕೂಗಿಗೆ ಓಡಿ ಬಂದ್ರಿ. ಏನು ನಗ್ತೀರಿ? ಕೈ ತೊಳ್ಕೊಳ್ಳಿ.

ನೀನು ಮಲಗು ಕೂಸೇ. ಅವನು ಅವಳ ದೋಣಿ ಹತ್ತಿ ಮನೆಗೆ ಬಂದು ಹೊಟ್ಟೆ ತುಂಬ ನೀರು ಕುಡಿದು ನೂರು ವರ್ಷ ಬದುಕಿದನಂತೆ, ಆಯಸ್ಸು ಒಂದು ದಿನವೂ ಕಮ್ಮಿ ಆಗ್ಲಿಲ್ಲವಂತೆ. ಕತೆ ಮುಗೀತು, ನಾನು ಹೋಗಿ ಬಚ್ಚಯ್ಯನಿಗೆ ಗಂಜಿ ಬಡಿಸ್ತೇನೆ.