ಹೆಗಲಿಗೊಪ್ಪುವ ಪೇಟಿ

“ಗುರುಗಳ, ಇಪ್ಪತ್ತೈದು ಕೀ ಇರೋದು ತಗೊಳ್ಲೋ, ಮೂವತ್ತೇಳು ಕೀ ಇರೋದು ತಗೊಳ್ಲೋ? ಇವತ್ತು ನೀವ ಹೇಳಿಬಿಡ್ರಿ. ನನಗಂತೂ ತಲಿ ಕೆಟ್ಟು ಹೋಗೇತಿ.”

ಪಂಪಾಪತಿ ಕೇಳಿದ್ದು ಹೀಗೆ. ಕೇಳಿದ ಎನ್ನುವುದಕ್ಕಿಂತ ಜಗಳಕ್ಕೆ ಬಂದ ಎನ್ನಬೇಕು. ಗವಾಯಿ ಕೊಟ್ರಬಸಯ್ಯನವರ ಮುಂದೆ ಹನ್ನೊಂದು ವರ್ಷ ಕೂತು ಹಾಡು ಕಲಿತವನು. ಈಗ ಮೂರು ಊರಿನ ಶಾಲೆಗಳಲ್ಲಿ ಸಂಗೀತ ಹೇಳಿಕೊಡುತ್ತಿದ್ದ. ದಿನಕ್ಕೆ ಮೂರು ತಾಸು ಬಸ್ಸಿನಲ್ಲೇ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಹಾಡು ಕಟ್ಟಬಹುದೆಂದು ಟ್ಯಾಬ್ ಕೊಂಡ. ಅದರ ಗಾಜಿನ ಮೇಲೆ ಬೆರಳು ನಿಲ್ಲುವುದಿಲ್ಲ ಎಂದು ಅದಕ್ಕೆ ಜೋಡಿಸಲು ಒಂದು ಸಣ್ಣ ಕೀಬೋರ್ಡ್ ಹುಡುಕತೊಡಗಿದ. ಯುಗಾದಿಗೆ ಹುಡುಕಲು ಶುರು ಮಾಡಿದವನು ಆಷಾಢ ಬಂದರೂ ಹುಡುಕುತ್ತಲೇ ಇದ್ದ.

ಅದೇ ಯುಗಾದಿಯ ದಿನ ಗುರುಗಳು ಅವನ ಕೈಗೆ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಎಂಟು ಸಾಲು. ಜೀವಮಾನವೆಲ್ಲ ಬೇರೆಯವರ ಪದಗಳನ್ನು ಹಾಡಿದ ಮನುಷ್ಯ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಾನೇ ಬರೆದ ಮೊದಲ ಪದ ಅದು. “ನೀ ಧಾಟಿ ಕಟ್ಟು, ನಾ ಹಾಡ್ತೀನಿ” ಎಂದಿದ್ದರು. ಆಮೇಲೆ ಅವರ ಗಂಟಲಲ್ಲಿ ಗಂಟು ಕಾಣಿಸಿತು. ಬರುವ ಸೋಮವಾರ ಆಪರೇಷನ್. ಅದಾದ ಮೇಲೆ ಹಾಡುವ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಅಲ್ಲಿಯವರೆಗೆ ಮಾತು ಕಡಿಮೆ ಮಾಡಿ ಎಂದು ಮಾತ್ರ ಹೇಳಿದ್ದರು. ಇವತ್ತು ಗುರುವಾರ. ಧಾಟಿ ಇನ್ನೂ ಆಗಿರಲಿಲ್ಲ.

ಗುರುಗಳು ಕೈಸನ್ನೆ ಮಾಡಿ ವಿವರ ಕೇಳಿದರು. ಪಂಪಾಪತಿ ಚೀಲದಿಂದ ಮಡಿಚಿದ ಹಾಳೆ ತೆಗೆದು ಓದತೊಡಗಿದ. ತಾನು ತರಿಸಿ ನೋಡಿದ ಕೀಬೋರ್ಡುಗಳ ತೂಕ, ಉದ್ದ, ಕೀಗಳ ಲೆಕ್ಕವನ್ನೆಲ್ಲ ಅದರಲ್ಲಿ ಒತ್ತೊತ್ತಾಗಿ ಬರೆದಿದ್ದ. ಮೊದಲನೆಯದನ್ನು ಜೋಡಿಸಿದರೆ, ಇದಕ್ಕೆ ನನ್ನ ಕರೆಂಟು ಸಾಲದು ಎಂದು ಟ್ಯಾಬ್ ಕೈ ಎತ್ತಿಬಿಟ್ಟಿತು. ಎರಡನೆಯದು ಚೀಲದಿಂದ ಒಂದು ಗೇಣು ಹೊರಗೆ ಚಾಚಿ, ಬಸ್ಸಿನಲ್ಲಿ ಪಕ್ಕದವನ ಪಕ್ಕೆಗೆ ತಿವಿದು ಬೈಗುಳ ತಂದುಕೊಟ್ಟಿತು. ಮೂರನೆಯದು ಚೀಲಕ್ಕೆ ಹಿಡಿಯುತ್ತದೆ, ಆದರೆ ಇರುವುದು ಎರಡೇ ಸಪ್ತಕ, ಕೀಗಳು ಗೊಂಬೆಯ ಬೆರಳಿಗೆ ಮಾಡಿದಂತಿವೆ. ಮೂರನ್ನೂ ವಾಪಸು ಕಳಿಸಿದ್ದ. ಓದುತ್ತ ಓದುತ್ತ ಅವನ ಕಿವಿ ಕೆಂಪೇರಿತು. ಮಾಡಿದವರನ್ನು ಬೈದ, ಮಾರಿದವರನ್ನು ಬೈದ, ಕೊನೆಗೆ ಬಸ್ಸಿನ ಸೀಟನ್ನೂ ಬಿಡಲಿಲ್ಲ.

ಗುರುಗಳ ಕಣ್ಣು ಹಾಳೆಯ ಮೇಲೇ ಇತ್ತು. ತನ್ನ ಮಾತನ್ನು ಲಕ್ಷ್ಯಗೊಟ್ಟು ಕೇಳುತ್ತಿದ್ದಾರೆ ಎಂದುಕೊಂಡ ಪಂಪಾಪತಿಗೆ ಸ್ವಲ್ಪ ಸಮಾಧಾನವಾಯಿತು. ಹಾಳೆಯ ಇನ್ನೊಂದು ಮಗ್ಗುಲು ಅವರ ಕಡೆಗಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಆ ಮಗ್ಗುಲಲ್ಲಿ ಅವರದೇ ಅಕ್ಷರಗಳಿದ್ದವು. ಖಾಲಿ ಸಿಕ್ಕಿತೆಂದು ಅವನು ಬರೆದುಕೊಂಡಿದ್ದು ಆ ಎಂಟು ಸಾಲುಗಳ ಬೆನ್ನಿಗೆ.

ಗುರುಗಳು ನೀರು ಕುಡಿದರು. ಡಾಕ್ಟರ ಮಾತು ಮೀರಿ, ಸೊರಗಿದ ದನಿಯಲ್ಲಿ ಒಂದು ಕತೆ ಹೇಳಿದರು.

ಹಾರ್ಮೋನಿಯಂ ನುಡಿಸುವ ಒಬ್ಬ ಪೇಟಿಗಾರನಿದ್ದ. ಪೇಟಿಯನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಬೇಕು, ತಿರುಗುತ್ತ ಹಾಡು ಕಟ್ಟಬೇಕು ಎಂಬುದು ಅವನ ಆಸೆ. ಅವನು ಒಬ್ಬ ಬಡಿಗನ ಹತ್ತಿರ ಹೋಗಿ, ಹೆಗಲಿಗೊಪ್ಪುವ ಒಂದು ಪೇಟಿ ಮಾಡಿಕೊಡು ಎಂದ. ಬಡಿಗ ಮೂರು ಸಪ್ತಕದ ಪೇಟಿ ಮಾಡಿದ. ಪೇಟಿಗಾರ ಅದನ್ನು ಹೊತ್ತು ನಾಲ್ಕು ಹೆಜ್ಜೆ ನಡೆದು, ಇದು ಪೇಟಿಯೋ ಬೀಸುವ ಕಲ್ಲೋ ಎಂದು ಬೈದ. ಬಡಿಗ ಎರಡು ಸಪ್ತಕದ್ದು ಮಾಡಿದ. ನನ್ನ ಹಾಡಿನ ರೆಕ್ಕೆ ಕತ್ತರಿಸಿದೆ ಎಂದು ಪೇಟಿಗಾರ ಕೂಗಾಡಿದ. ಬಡಿಗ ಬೆರಳೊತ್ತುವ ಸ್ವರದ ಮನೆಗಳನ್ನು ಕಿರಿದು ಮಾಡಿ ಅಷ್ಟೇ ಅಗಲದಲ್ಲಿ ಇನ್ನರ್ಧ ಸಪ್ತಕ ಕೂಡಿಸಿದ. ಒಂದು ಮನೆ ಒತ್ತಿದರೆ ಬೆರಳು ಎರಡು ಮನೆ ತುಳಿಯುತ್ತದೆ ಎಂದು ಪೇಟಿಗಾರ ಅದನ್ನು ದಬ್ಬಿದ. ಬಡಿಗ ಮನೆಗಳನ್ನು ಅಗಲ ಮಾಡಿ, ಭಾರ ಇಳಿಸಲು ಗಾಳಿ ಊದುವ ತಿದಿಯನ್ನು ಗಿಡ್ಡ ಮಾಡಿದ. ಗಾಳಿ ಸಾಲದೆ ಸ್ವರ ನಡುವೆಯೇ ಉಸಿರು ಬಿಟ್ಟಿತು. ನಿನ್ನ ಕೈಗೆ ಉಳಿ ಕೊಟ್ಟವರು ಯಾರು ಎಂದು ಪೇಟಿಗಾರ ಓಣಿಗೆಲ್ಲ ಕೇಳುವಂತೆ ಚೀರಿದ.

“ಹಂಗ ಬೈಬೇಕ್ರಿ ಅಂಥವ್ರಿಗೆ” ಎಂದ ಪಂಪಾಪತಿ. ಅವನಿಗೆ ಆ ಪೇಟಿಗಾರ ತನ್ನ ಅಣ್ಣನಂತೆ ಕಂಡಿದ್ದ. ಗುರುಗಳ ಹುಬ್ಬು ಗಂಟಿಕ್ಕಿತು. ಕೆಮ್ಮು ಬಂತು. ಕೆಮ್ಮು ನಿಲ್ಲುವತನಕ ಎದೆ ಹಿಡಿದುಕೊಂಡು ಕಾದು, ಕತೆ ಮುಂದುವರಿಸಿದರು.

ಐದನೆಯ ಸಲ ಪೇಟಿಗಾರ ಬಂದಾಗ ಬಡಿಗ ಉಳಿ ಕೆಳಗಿಟ್ಟ. ಒಂದು ವರ್ಷದಿಂದ ನುಂಗಿಕೊಂಡಿದ್ದ ಸಿಟ್ಟು ಆವತ್ತು ನೆತ್ತಿಗೇರಿತ್ತು. ಮೊದಲು ಮಾಡಿದ ದೊಡ್ಡ ಪೇಟಿಯನ್ನು ಎಳೆದು ಮುಂದೆ ಇಟ್ಟ. ಸುಣ್ಣದ ಕಡ್ಡಿ ಕೈಗೆ ತೆಗೆದುಕೊಂಡ.

“ಯಾ ಹಾಡು ಕಟ್ಟಾಕ ನಿನಗ ಪೇಟಿ ಬೇಕಾಗೇತಿ, ಅದನ್ನ ಗುನುಗು. ಅದು ಯಾವ ಯಾವ ಮನಿ ತುಳೀತೈತಿ, ಅಷ್ಟಕ್ಕ ಗುರುತು ಹಾಕ್ತೀನಿ. ಉಳಿದದ್ದು ಕೊಯ್ದು ಒಗೀತೀನಿ. ನಿನ್ನ ಹೆಗಲಿಗೆ ಅಳತಿ ತಪ್ಪಂಗಿಲ್ಲ” ಎಂದ.

ಪೇಟಿಗಾರನ ಮುಖ ಕಪ್ಪಿಟ್ಟಿತು. “ಮೊದಲ ಪೇಟಿ ಕೊಡು. ಹಾಡು ಆಮ್ಯಾಲ ಬರತೈತಿ” ಎಂದ.

ಬಡಿಗ ಸುಣ್ಣದ ಕಡ್ಡಿ ನೆಲಕ್ಕೆ ಒಗೆದ. ನನ್ನ ಒಂದು ವರ್ಷ ತಿಂದೆ, ಇನ್ನು ಈ ಕಟ್ಟೆ ಹತ್ತಬೇಡ ಎಂದು ಹೇಳಿ ಬಾಗಿಲು ಹಾಕಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಅಷ್ಟು ಹೇಳುವುದರಲ್ಲಿ ಅವರ ದನಿ ಅರ್ಧಕ್ಕರ್ಧ ಇಳಿದಿತ್ತು. ಪಂಪಾಪತಿ ಕಾದ. ಕತೆ ಇಷ್ಟಕ್ಕೇ ಮುಗಿಯಿತೆಂದರೆ ಅವನಿಗೆ ನಂಬಿಕೆಯಾಗಲಿಲ್ಲ. ಅಷ್ಟು ದೂರ ನಡೆಸಿಕೊಂಡು ಬಂದು ಬಾಗಿಲು ಹಾಕಿಬಿಟ್ಟರೆ ಹೇಗೆ? ಒಳಗೇ ಕುದಿಯುತ್ತಿದ್ದ ಸಿಟ್ಟು ಮತ್ತೆ ಉಕ್ಕಿತು.

“ಅಲ್ರೀ ಗುರುಗಳ, ಆ ಪೇಟಿಗಾರ ಕಡೀಕ ಯಾವುದು ತಗೊಂಡ? ಮೂರು ಸಪ್ತಕದ್ದೋ, ಎರಡರದ್ದೋ? ಅದನ್ನ ಹೇಳಲಿಲ್ಲಲ್ಲ ನೀವು?”

ಕೊಟ್ರಬಸಯ್ಯನವರು ಹನ್ನೊಂದು ವರ್ಷದಲ್ಲಿ ಅವನ ಮೇಲೆ ಕೈ ಎತ್ತಿದವರಲ್ಲ. ತಾಳ ತಪ್ಪಿದಾಗಲೂ ನಕ್ಕು ತಿದ್ದಿದವರು. ಈಗ ಗಂಟಲಲ್ಲಿ ಉಳಿದಿದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ, ಅವನ ಕೈಯಲ್ಲಿದ್ದ ಹಾಳೆಗೆ ಬೆರಳು ತೋರಿಸಿ ಅವರು ಹೇಳಿದರು:

“ಆ ಹಾಳಿ ಹೊಳ್ಳಿಸಿ ನೋಡಬ್ಯಾಡ, ನಾ ಬರದದ್ದರಾಗ ಮೊದಲನೇ ಸಾಲು ಹೇಳು.”

ಪಂಪಾಪತಿ ಬಾಯಿ ತೆರೆದ. ಅವನ ಬೆರಳು ತಾನಾಗಿಯೇ ಹಾಳೆಯ ಅಂಚಿಗೆ ಹೋಗಿ, ಅದನ್ನು ಹೊರಳಿಸತೊಡಗಿತು.